ನೊಣದ ಡಿಎನ್‌ಎ ನುಡಿಯುವ ಸಾಕ್ಷ್ಯ

ಹಿತ್ತಲಿನಲ್ಲಿ ಒಂದು ಇಲಿ ಸತ್ತು ಬಿದ್ದಿದೆ ಎಂದುಕೊಳ್ಳಿ. ಅದರ ವಾಸನೆ ನಿಮ್ಮ ಮೂಗಿಗೆ ಬಡಿಯುವುದು ಮಾರನೆಯ ದಿನವೋ, ಅದರ ಮರುದಿನವೋ. ಆದರೆ ಅದಕ್ಕೆ ಎಷ್ಟೋ ಮೊದಲೇ, ಹಗಲು ಹೊತ್ತಾಗಿದ್ದರೆ ಕೆಲವೇ ನಿಮಿಷಗಳಲ್ಲಿ, ಹಸಿರು ಲೋಹದಂತೆ ಹೊಳೆಯುವ ನೊಣವೊಂದು ಅಲ್ಲಿಗೆ ಬಂದಿಳಿದಿರುತ್ತದೆ. ಇಲಿಯ ಬಾಯಿ, ಮೂಗು, ಕಣ್ಣಿನ ಅಂಚು, ಗಾಯವಿದ್ದರೆ ಗಾಯ, ಹೀಗೆ ತೇವವಿರುವ ಕಡೆ ಹುಡುಕಿ ಅದು ಮೊಟ್ಟೆಯಿಡುತ್ತದೆ. ಆ ಕ್ಷಣದಿಂದ ಒಂದು ಗಡಿಯಾರ ಓಡತೊಡಗುತ್ತದೆ.

ಸತ್ತದ್ದು ಇಲಿಯಾದರೆ ಆ ಗಡಿಯಾರವನ್ನು ಯಾರೂ ನೋಡುವುದಿಲ್ಲ. ಸತ್ತದ್ದು ಮನುಷ್ಯನಾಗಿದ್ದು, ಆ ಸಾವು ಸಹಜವಲ್ಲ ಎಂಬ ಅನುಮಾನವಿದ್ದರೆ, ಆ ಗಡಿಯಾರವೇ ಒಬ್ಬನನ್ನು ಸೆರೆಮನೆಗೆ ಕಳಿಸಬಹುದು, ಇನ್ನೊಬ್ಬನನ್ನು ಬಿಡಿಸಿ ತರಬಹುದು. ಆದ್ದರಿಂದ ಅದನ್ನು ಸರಿಯಾಗಿ ಓದುವುದು ಬಹಳ ಮುಖ್ಯ. ಹಿಂದೆ ಈ ಓದಿಗೆ ಭೂತಗನ್ನಡಿ ಮತ್ತು ಸೂಕ್ಷ್ಮದರ್ಶಕಗಳೇ ಆಧಾರ. ಕಳೆದ ಮೂರು ದಶಕಗಳಲ್ಲಿ ಕೀಟದ ವಂಶವಾಹಿಗಳೂ ಈ ಕೆಲಸಕ್ಕೆ ಬಂದಿವೆ. ಅವು ಏನು ಹೇಳುತ್ತವೆ, ಎಷ್ಟನ್ನು ನಂಬಬಹುದು ಎಂಬುದನ್ನು ನೋಡೋಣ.

ಹಳೆಯ ಸಾಕ್ಷಿ

ಅಪರಾಧ ಪತ್ತೆಗೆ ಕೀಟಗಳನ್ನು ಬಳಸುವುದು ಹೊಸತೇನಲ್ಲ. ಚೀನಾದ ನ್ಯಾಯಾಧಿಕಾರಿ ಸಾಂಗ್ ತ್ಸು 1247ರಲ್ಲಿ ಬರೆದ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ಹಳ್ಳಿಯೊಂದರಲ್ಲಿ ಒಬ್ಬನನ್ನು ಕುಡುಗೋಲಿನಿಂದ ಕೊಚ್ಚಿ ಕೊಂದಿದ್ದರು. ತನಿಖೆಗೆ ಬಂದ ಅಧಿಕಾರಿ ಊರಿನವರ ಕುಡುಗೋಲುಗಳನ್ನೆಲ್ಲ ತರಿಸಿ ಬಿಸಿಲಿನಲ್ಲಿ ಸಾಲಾಗಿ ಇಡಿಸಿದ. ಎಲ್ಲವೂ ಮೇಲುನೋಟಕ್ಕೆ ಶುಭ್ರವಾಗಿಯೇ ಇದ್ದವು. ಆದರೆ ನೊಣಗಳು ಒಂದೇ ಒಂದು ಕುಡುಗೋಲಿಗೆ ಮುತ್ತಿದವು. ಕಣ್ಣಿಗೆ ಕಾಣದ ರಕ್ತದ ಅಂಶ ಅದರಲ್ಲಿ ಉಳಿದಿತ್ತು. ಅದರ ಒಡೆಯ ತಪ್ಪೊಪ್ಪಿಕೊಂಡ.

ಮಾಂಸದಲ್ಲಿ ಹುಳುಗಳು ತಾವಾಗಿ ಹುಟ್ಟುವುದಿಲ್ಲ, ನೊಣದ ಮೊಟ್ಟೆಯಿಂದಲೇ ಹುಟ್ಟುತ್ತವೆ ಎಂದು ಇಟಲಿಯ ಫ್ರಾನ್ಸೆಸ್ಕೊ ರೆಡಿ 1668ರಲ್ಲಿ ತೋರಿಸಿಕೊಟ್ಟ. ಈ ತಿಳಿವಳಿಕೆ ಬಾರದಿದ್ದರೆ ಹುಳುವಿನ ವಯಸ್ಸಿನಿಂದ ಸಾವಿನ ಕಾಲ ಅಳೆಯುವ ಯೋಚನೆಯೇ ಹುಟ್ಟುತ್ತಿರಲಿಲ್ಲ.

1850ರಲ್ಲಿ ಫ್ರಾನ್ಸಿನ ಆರ್ಬ್ವಾ ಪಟ್ಟಣದ ಮನೆಯೊಂದನ್ನು ದುರಸ್ತಿ ಮಾಡುವಾಗ ಒಲೆಗೂಡಿನ ಹಿಂದೆ ಒಣಗಿಹೋದ ಶಿಶುವಿನ ಶವ ಸಿಕ್ಕಿತು. ಆಗ ಆ ಮನೆಯಲ್ಲಿದ್ದವರ ಮೇಲೆ ಸಹಜವಾಗಿ ಅನುಮಾನ ಬಂತು. ಶವಪರೀಕ್ಷೆ ನಡೆಸಿದ ವೈದ್ಯ ಬೆರ್ಜೆರೆ, ಶವದಲ್ಲಿದ್ದ ನೊಣದ ಪ್ಯೂಪಗಳನ್ನೂ ಪತಂಗದ ಮರಿಗಳನ್ನೂ ಪರಿಶೀಲಿಸಿ, ಶಿಶು ಸತ್ತದ್ದು 1848ರಲ್ಲಿ ಎಂದು ತೀರ್ಮಾನಿಸಿದ. ಅನುಮಾನ ಆ ಮನೆಯಲ್ಲಿ ಹಿಂದೆ ವಾಸವಿದ್ದವರ ಕಡೆಗೆ ತಿರುಗಿತು. ಕೀಟಗಳ ಬೆಳವಣಿಗೆಯ ವೇಗದ ಬಗ್ಗೆ ಅವನ ಲೆಕ್ಕದಲ್ಲಿ ದೋಷಗಳಿದ್ದವು. ಆದರೂ ಕೀಟವನ್ನು ಕಾಲಮಾಪಕವಾಗಿ ಬಳಸುವ ದಾರಿ ತೆರೆಯಿತು. 1894ರಲ್ಲಿ ಅದೇ ದೇಶದ ಮೆನ್ಯಾ, ಶವಕ್ಕೆ ಕೀಟಗಳು ಒಂದರ ನಂತರ ಒಂದು ತಂಡವಾಗಿ ಬರುತ್ತವೆ ಎಂಬುದನ್ನು ಪುಸ್ತಕವಾಗಿ ಬರೆದ.

1935ರ ಸೆಪ್ಟೆಂಬರ್ 29ರಂದು ಸ್ಕಾಟ್ಲೆಂಡಿನ ಮೊಫಟ್ ಬಳಿಯ ಸೇತುವೆಯೊಂದರ ಕೆಳಗೆ ಇಬ್ಬರು ಮಹಿಳೆಯರ ತುಂಡರಿಸಿದ ಶವಗಳು ಸಿಕ್ಕವು. ಅವುಗಳ ಮೇಲಿದ್ದ ಹುಳುಗಳನ್ನು ಪರೀಕ್ಷಿಸಿದ ಗ್ಲಾಸ್ಗೋದ ಅಲೆಕ್ಸಾಂಡರ್ ಮರ್ನ್ಸ್, ಅವು ಕ್ಯಾಲಿಫೋರ ವಿಸಿನ ಎಂಬ ನೀಲಿ ನೊಣದ ಮರಿಗಳೆಂದೂ ಅವುಗಳ ವಯಸ್ಸು 12ರಿಂದ 14 ದಿನಗಳೆಂದೂ ವರದಿ ಕೊಟ್ಟ. ಇದು ಆ ಮಹಿಳೆಯರು ಕಾಣೆಯಾದ ದಿನಕ್ಕೆ ಹೊಂದಿಕೊಂಡಿತು. ಇತರ ಸಾಕ್ಷ್ಯಗಳೊಡನೆ ಸೇರಿ, ಮುಂಬಯಿಯಲ್ಲಿ ಹುಟ್ಟಿ ಇಂಗ್ಲೆಂಡಿನ ಲ್ಯಾಂಕಾಸ್ಟರಿನಲ್ಲಿ ವೈದ್ಯನಾಗಿದ್ದ ಬಕ್ ರಕ್ಸ್ಟನ್ ಅಪರಾಧಿಯೆಂದು ಸಾಬೀತಾಯಿತು. ಕೊಲೆಯಾದವರಲ್ಲಿ ಒಬ್ಬಾಕೆ ಅವನ ಹೆಂಡತಿ, ಮತ್ತೊಬ್ಬಾಕೆ ಮನೆಯ ಕೆಲಸದವಳು.

ನೊಣದ ಗಡಿಯಾರ ಹೇಗೆ ನಡೆಯುತ್ತದೆ?

ಶವಕ್ಕೆ ಮೊದಲು ಬರುವವು ಕ್ಯಾಲಿಫೋರಿಡೀ ಕುಟುಂಬಕ್ಕೆ ಸೇರಿದ ಹಸಿರು ಮತ್ತು ನೀಲಿ ನೊಣಗಳು. ನಮ್ಮ ದೇಶದಲ್ಲಿ ಕ್ರೈಸೋಮಿಯ ಮೆಗಸೆಫಾಲ, ಕ್ರೈಸೋಮಿಯ ರುಫಿಫೇಸಿಸ್, ಲ್ಯೂಸಿಲಿಯ ಕ್ಯೂಪ್ರಿನ ಇವು ಸಾಮಾನ್ಯ. ಮೀನು ಮಾರುವ ಕಡೆ, ಕಸಾಯಿಖಾನೆಯ ಸುತ್ತ ಇವುಗಳನ್ನು ನೀವು ನೋಡಿಯೇ ಇರುತ್ತೀರಿ.

ಮೊಟ್ಟೆ ಒಂದು ದಿನದೊಳಗೆ ಒಡೆದು ಮರಿಹುಳು ಹೊರಬರುತ್ತದೆ. ಅದು ಎರಡು ಸಲ ಪೊರೆ ಕಳಚಿ ಮೂರು ಹಂತಗಳಲ್ಲಿ ಬೆಳೆಯುತ್ತದೆ. ಹೊಟ್ಟೆ ತುಂಬಿದ ಮೇಲೆ ಶವವನ್ನು ಬಿಟ್ಟು ಒಣಜಾಗವನ್ನು ಹುಡುಕಿ ಹೊರಡುತ್ತದೆ. ಮಣ್ಣಿನಲ್ಲೋ ಚಾಪೆಯ ಅಡಿಯಲ್ಲೋ ಸೇರಿ, ಹೊರಚರ್ಮವನ್ನೇ ಗಟ್ಟಿಯಾದ ಕಂದು ಚಿಪ್ಪಾಗಿಸಿಕೊಂಡು ಪ್ಯೂಪವಾಗುತ್ತದೆ. ಅದರೊಳಗೆ ರೂಪಾಂತರ ಮುಗಿದು ನೊಣ ಹೊರಬರುತ್ತದೆ. ನಮ್ಮ ಬೆಚ್ಚಗಿನ ಹವೆಯಲ್ಲಿ ಇದಕ್ಕೆಲ್ಲ ಹತ್ತು ದಿನಗಳಿಂದ ಎರಡು ವಾರ ಸಾಕು.

ಕೀಟ ಶೀತರಕ್ತದ ಪ್ರಾಣಿ. ಸುತ್ತಲಿನ ಉಷ್ಣತೆ ಹೆಚ್ಚಿದರೆ ಅದರ ಬೆಳವಣಿಗೆ ಚುರುಕಾಗುತ್ತದೆ, ತಗ್ಗಿದರೆ ನಿಧಾನವಾಗುತ್ತದೆ. ಒಂದು ಮಿತಿಗಿಂತ ಕೆಳಗೆ ನಿಂತೇಹೋಗುತ್ತದೆ. ಆದ್ದರಿಂದ ವಿಜ್ಞಾನಿಗಳು ಕಾಲವನ್ನೂ ಉಷ್ಣತೆಯನ್ನೂ ಗುಣಿಸಿ 'ಡಿಗ್ರಿ-ಗಂಟೆ' ಎಂಬ ಅಳತೆಯನ್ನು ಬಳಸುತ್ತಾರೆ. ಲೆಕ್ಕ ತಿಳಿಯಲು ಸರಳ ಸಂಖ್ಯೆಗಳನ್ನು ಇಟ್ಟುಕೊಂಡು ನೋಡೋಣ.

ಒಂದು ಪ್ರಭೇದದ ಬೆಳವಣಿಗೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ನಿಲ್ಲುತ್ತದೆ ಎಂದಿರಲಿ. ಪ್ರಯೋಗಾಲಯದಲ್ಲಿ 25 ಡಿಗ್ರಿಯಲ್ಲಿ ಸಾಕಿದಾಗ ಅದರ ಮರಿ ಮೂರನೆಯ ಹಂತಕ್ಕೆ ಬರಲು 60 ಗಂಟೆ ಬೇಕಾಯಿತು ಎಂದಿರಲಿ. ಆಗ ಉಪಯೋಗಕ್ಕೆ ಬಂದ ಉಷ್ಣತೆ ಗಂಟೆಗೆ 15 ಡಿಗ್ರಿ. ಒಟ್ಟು 900 ಡಿಗ್ರಿ-ಗಂಟೆ. ಈಗ ಶವ ಸಿಕ್ಕ ಸ್ಥಳದ ಸರಾಸರಿ ಉಷ್ಣತೆ 28 ಡಿಗ್ರಿಯಿದ್ದರೆ ಗಂಟೆಗೆ 18 ಡಿಗ್ರಿ ಸಂಗ್ರಹವಾಗುತ್ತದೆ. 900ನ್ನು 18ರಿಂದ ಭಾಗಿಸಿದರೆ 50 ಗಂಟೆ. ಅಂದರೆ ಮೊಟ್ಟೆಯಿಟ್ಟು 50 ಗಂಟೆಯಾಗಿದೆ. ವ್ಯಕ್ತಿ ಸತ್ತು ಕನಿಷ್ಠ ಅಷ್ಟು ಹೊತ್ತಾಗಿದೆ.

'ಕನಿಷ್ಠ' ಎಂಬ ಮಾತನ್ನು ಗಮನಿಸಿ. ಕೀಟ ಹೇಳುವುದು ಸಾವಿನ ಗಳಿಗೆಯನ್ನಲ್ಲ, ತಾನು ಮೊಟ್ಟೆಯಿಟ್ಟ ಗಳಿಗೆಯನ್ನು. ಶವವನ್ನು ಮುಚ್ಚಿದ ಕೋಣೆಯಲ್ಲಿ ಇಟ್ಟಿದ್ದರೆ, ಕಾರಿನ ಡಿಕ್ಕಿಯಲ್ಲಿ ಅಡಗಿಸಿದ್ದರೆ, ಜೋರು ಮಳೆ ಸುರಿಯುತ್ತಿದ್ದರೆ, ಇಲ್ಲವೆ ಸಾವು ರಾತ್ರಿ ಸಂಭವಿಸಿದ್ದರೆ ನೊಣ ತಡವಾಗಿ ಬರುತ್ತದೆ. ಈ ನೊಣಗಳು ಸಾಮಾನ್ಯವಾಗಿ ಕತ್ತಲಲ್ಲಿ ಮೊಟ್ಟೆಯಿಡುವುದಿಲ್ಲ.

ಹಾಗಾದರೆ ವಂಶವಾಹಿ ಏಕೆ ಬೇಕು? ಮೇಲಿನ ಲೆಕ್ಕಕ್ಕೆ ಎರಡು ವಿಷಯ ನಿಖರವಾಗಿ ಗೊತ್ತಿರಬೇಕು. ಒಂದು, ಹುಳು ಯಾವ ಪ್ರಭೇದದ್ದು? ಎರಡು, ಅದು ಬೆಳವಣಿಗೆಯ ಯಾವ ಘಟ್ಟದಲ್ಲಿದೆ? ಎರಡರಲ್ಲೂ ಬರಿಗಣ್ಣು ಮತ್ತು ಸೂಕ್ಷ್ಮದರ್ಶಕ ಸೋಲುವ ಸಂದರ್ಭಗಳಿವೆ.

ಮೊದಲ ಪ್ರಶ್ನೆ: ಇದು ಯಾರ ಮರಿ?

ಬೆಳೆದ ನೊಣಗಳನ್ನು ಬಣ್ಣ, ರೋಮ, ರೆಕ್ಕೆಯ ನರಗಳಿಂದ ಗುರುತಿಸಬಹುದು. ಆದರೆ ಮರಿಹುಳುಗಳೆಲ್ಲ ಬೇಯಿಸಿದ ಅನ್ನದ ಅಗುಳಿನಂತೆ ಒಂದೇ ತೆರ. ಉಸಿರಾಟದ ರಂಧ್ರಗಳ ಸೀಳು, ಬಾಯಿಯ ಕೊಕ್ಕೆಗಳ ಆಕಾರ ನೋಡಿ ನುರಿತವರು ಪ್ರಭೇದ ಹೇಳುತ್ತಾರೆ. ಮೊದಲ ಹಂತದ ಮರಿಯಲ್ಲಿ, ಮೊಟ್ಟೆಯಲ್ಲಿ ಅದೂ ಕಷ್ಟ. ಮರಿಗಳನ್ನು ಸಾಕಿ ನೊಣವಾಗುವವರೆಗೆ ಕಾಯುವುದು ಹಳೆಯ ಉಪಾಯ. ಅದಕ್ಕೆ ವಾರಗಳೇ ಬೇಕು, ಮರಿಗಳು ನಡುವೆ ಸತ್ತರೆ ಸಾಕ್ಷ್ಯವೇ ಹೋಯಿತು.

ತಪ್ಪು ಗುರುತಿಸಿದರೆ ಏನಾಗುತ್ತದೆ? ಮೇಲಿನ ಲೆಕ್ಕಕ್ಕೆ ಮರಳೋಣ. ಅದೇ ರೀತಿ ಕಾಣುವ ಇನ್ನೊಂದು ಪ್ರಭೇದದ ಮರಿ ಅದೇ ಹಂತಕ್ಕೆ ಬರಲು 1260 ಡಿಗ್ರಿ-ಗಂಟೆ ಬೇಕು ಎಂದಿರಲಿ. 18ರಿಂದ ಭಾಗಿಸಿದರೆ 70 ಗಂಟೆ. ಎರಡರ ನಡುವೆ 20 ಗಂಟೆಗಳ ಅಂತರ. ಒಬ್ಬಾತ ಸೋಮವಾರ ಊರಿನಲ್ಲಿದ್ದು ಮಂಗಳವಾರ ಬೆಳಗ್ಗೆ ಪರ ಊರಿಗೆ ಹೋಗಿದ್ದರೆ, ಅವನು ಆರೋಪಿಯೋ ಅಲ್ಲವೋ ಎಂಬುದು ಈ 20 ಗಂಟೆಗಳಲ್ಲೇ ಅಡಗಿರಬಹುದು.

ಇಲ್ಲಿ ನೆರವಿಗೆ ಬಂದದ್ದು ಮೈಟೊಕಾಂಡ್ರಿಯದ ಡಿಎನ್‌ಎ. ಪ್ರತಿ ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿ ಇರುವ ಡಿಎನ್‌ಎ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಪ್ರತಿ ಮಾತ್ರ. ಆದರೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳು ಒಂದು ಜೀವಕೋಶದಲ್ಲಿ ನೂರಾರು ಇರುತ್ತವೆ. ಪ್ರತಿಯೊಂದರಲ್ಲೂ ಅದರದೇ ಪುಟ್ಟ, ವರ್ತುಲಾಕಾರದ ಡಿಎನ್‌ಎ ಇರುತ್ತದೆ. ಆದ್ದರಿಂದ ಮಾದರಿ ಅತಿ ಚಿಕ್ಕದಾಗಿದ್ದರೂ, ಒಣಗಿದ್ದರೂ ಮೈಟೊಕಾಂಡ್ರಿಯದ ಡಿಎನ್‌ಎ ಸಿಗುವ ಸಂಭವ ಹೆಚ್ಚು. ನೊಣ ಹಾರಿಹೋದ ಮೇಲೆ ಉಳಿದ ಖಾಲಿ ಪ್ಯೂಪ ಚಿಪ್ಪಿನಿಂದಲೂ ಅದನ್ನು ತೆಗೆದದ್ದುಂಟು.

1994ರಲ್ಲಿ ಸ್ಪರ್ಲಿಂಗ್, ಆಂಡರ್ಸನ್ ಮತ್ತು ಹಿಕಿ ಎಂಬ ಸಂಶೋಧಕರು ಶವಕ್ಕೆ ಬರುವ ಮೂರು ನೊಣ ಪ್ರಭೇದಗಳನ್ನು ಮೈಟೊಕಾಂಡ್ರಿಯದ ಡಿಎನ್‌ಎಯಿಂದ ಬೇರ್ಪಡಿಸಿ ತೋರಿಸಿದರು. ಕೀಟಗಳ ವಂಶವಾಹಿಯನ್ನು ವಿಧಿವಿಜ್ಞಾನಕ್ಕೆ ತಂದ ಆರಂಭದ ಕೆಲಸಗಳಲ್ಲಿ ಇದು ಮುಖ್ಯವಾದುದು. 2003ರಲ್ಲಿ ಕೆನಡಾದ ಪಾಲ್ ಹೆಬರ್ಟ್, ಎಲ್ಲ ಪ್ರಾಣಿಗಳನ್ನೂ ಸೈಟೊಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವದ ಮೊದಲ ಘಟಕಕ್ಕೆ ಸಂಬಂಧಿಸಿದ ಒಂದೇ ಜೀನಿನ ಸುಮಾರು 650 ಅಕ್ಷರಗಳಿಂದ ಗುರುತಿಸಬಹುದು ಎಂದು ಸೂಚಿಸಿದ. ಅಂಗಡಿಯ ಸಾಮಾನಿನ ಮೇಲಿನ ಗೆರೆಗಳ ಪಟ್ಟಿಯಿಂದ ಅದರ ಹೆಸರು, ಬೆಲೆ ತಿಳಿಯುವ ಹಾಗೆ ಇದು ಕೆಲಸ ಮಾಡುವುದರಿಂದ ಇದಕ್ಕೆ 'ಡಿಎನ್‌ಎ ಬಾರ್‌ಕೋಡ್' ಎಂಬ ಹೆಸರು ಬಂತು.

ವಿಧಾನ ಹೀಗಿದೆ. ಹುಳುವಿನ ಚೂರಿನಿಂದ ಡಿಎನ್‌ಎ ಬೇರ್ಪಡಿಸಲಾಗುತ್ತದೆ. ಪಿಸಿಆರ್ ಯಂತ್ರದಲ್ಲಿ ಬೇಕಾದ ತುಣುಕನ್ನು ಮಾತ್ರ ಕೋಟಿಗಟ್ಟಲೆ ನಕಲು ಮಾಡಲಾಗುತ್ತದೆ. ಆ ತುಣುಕಿನ ಅಕ್ಷರಗಳ ಅನುಕ್ರಮವನ್ನು ಓದಿ, ಹೆಸರು ಖಚಿತವಾಗಿರುವ ನೊಣಗಳ ಅನುಕ್ರಮಗಳೊಡನೆ ಹೋಲಿಸಲಾಗುತ್ತದೆ. ಸಾಕುವ ವಾರಗಳ ಕೆಲಸ ಒಂದೆರಡು ದಿನಗಳಲ್ಲಿ ಮುಗಿಯುತ್ತದೆ.

ಆದರೂ ಇದು ಎಡವದ ವಿಧಾನವಲ್ಲ. ಮೈಟೊಕಾಂಡ್ರಿಯ ಬರುವುದು ತಾಯಿಯಿಂದ ಮಾತ್ರ. ಬಹಳ ಹಿಂದೆ ಎರಡು ಪ್ರಭೇದಗಳು ಬೆರೆತಿದ್ದರೆ, ಒಂದರ ದೇಹದಲ್ಲಿ ಇನ್ನೊಂದರ ಮೈಟೊಕಾಂಡ್ರಿಯ ಇರಬಹುದು. ಹವಾಯಿ ದ್ವೀಪಗಳ ಲ್ಯೂಸಿಲಿಯ ಕ್ಯೂಪ್ರಿನ ನೊಣಗಳಲ್ಲಿ ಹೀಗೇ ಆಗಿರುವುದು ಗೊತ್ತಾಗಿದೆ. ಅವುಗಳ ಮೈಟೊಕಾಂಡ್ರಿಯದ ಡಿಎನ್‌ಎ ಸೋದರ ಪ್ರಭೇದವಾದ ಲ್ಯೂಸಿಲಿಯ ಸೆರಿಕೇಟದ ಕಡೆಗೆ ಬೆರಳು ಮಾಡುತ್ತದೆ. ಆದ್ದರಿಂದ ಸಂದೇಹವಿದ್ದಲ್ಲಿ ನ್ಯೂಕ್ಲಿಯಸ್ಸಿನ ಒಂದು ಜೀನನ್ನೂ ಓದಿ ಎರಡೂ ಒಪ್ಪುತ್ತವೆಯೇ ಎಂದು ನೋಡಬೇಕು. ಹೋಲಿಕೆಗೆ ಇಟ್ಟ ಮಾದರಿಯ ಹೆಸರೇ ತಪ್ಪಾಗಿದ್ದರೆ ಉತ್ತರವೂ ತಪ್ಪಾಗುತ್ತದೆ. ಬಾರ್‌ಕೋಡ್ ಬಂತೆಂದು ನೊಣದ ರೋಮ ಎಣಿಸುವ ವರ್ಗೀಕರಣ ತಜ್ಞರ ಕೆಲಸ ಮುಗಿಯಲಿಲ್ಲ.

ಎರಡನೆಯ ಪ್ರಶ್ನೆ: ವಯಸ್ಸೆಷ್ಟು?

ತಿನ್ನುತ್ತ ಬೆಳೆಯುವ ಮರಿಯ ಉದ್ದ ಅಳೆದು ವಯಸ್ಸು ಹೇಳಬಹುದು. ಆದರೆ ಮೊಟ್ಟೆ ಮೊದಲಿನಿಂದ ಕೊನೆಯವರೆಗೆ ಹೊರಗಿನಿಂದ ಒಂದೇ ರೀತಿ ಕಾಣುತ್ತದೆ. ತಿನ್ನುವುದನ್ನು ಬಿಟ್ಟು ಹೊರಟ ಮರಿ ಬೆಳೆಯುವ ಬದಲು ಕುಗ್ಗುತ್ತದೆ. ಪ್ಯೂಪವಂತೂ ಮುಚ್ಚಿದ ಡಬ್ಬಿ. ಒಟ್ಟು ಬೆಳವಣಿಗೆಯ ಕಾಲದಲ್ಲಿ ಸುಮಾರು ಅರ್ಧ ಈ ಡಬ್ಬಿಯೊಳಗೇ ಕಳೆಯುತ್ತದೆ. ಚಿಪ್ಪು ನೋಡಿ ಇದು ಎರಡು ದಿನದ್ದೋ ಐದು ದಿನದ್ದೋ ಹೇಳುವುದು ಕಷ್ಟ.

ಇಲ್ಲಿ ಡಿಎನ್‌ಎಗಿಂತ ಆರ್‌ಎನ್‌ಎ ಉಪಯುಕ್ತ. ಒಂದು ಮನೆಯನ್ನು ನೆನೆಸಿಕೊಳ್ಳಿ. ಮನೆಯಲ್ಲಿ ಎಲ್ಲ ದೀಪಗಳೂ ಸದಾ ಇರುತ್ತವೆ. ಆದರೆ ನಸುಕಿನಲ್ಲಿ ಬಚ್ಚಲಿನ ದೀಪ, ಆಮೇಲೆ ಅಡುಗೆಮನೆಯದು, ಸಂಜೆ ಪಡಸಾಲೆಯದು, ರಾತ್ರಿ ಮಕ್ಕಳು ಓದುವ ಕೋಣೆಯದು ಉರಿಯುತ್ತವೆ. ಯಾವ ದೀಪ ಉರಿಯುತ್ತಿದೆ ಎಂದು ಬೀದಿಯಿಂದ ನೋಡಿದವರು ಹೊತ್ತು ಎಷ್ಟಾಯಿತೆಂದು ಊಹಿಸಬಹುದು. ವಂಶವಾಹಿಗಳೂ ಹೀಗೆಯೇ. ಮೊಟ್ಟೆಯಿಂದ ನೊಣದವರೆಗೆ ಡಿಎನ್‌ಎ ಒಂದೇ, ಆದರೆ ಒಂದೊಂದು ಘಟ್ಟದಲ್ಲಿ ಒಂದೊಂದು ಗುಂಪಿನ ಜೀನ್‌ಗಳು ಕೆಲಸ ಮಾಡುತ್ತವೆ. ಕೆಲಸ ಮಾಡುವ ಜೀನ್ ತನ್ನ ಸಂದೇಶವನ್ನು ಆರ್‌ಎನ್‌ಎ ರೂಪದಲ್ಲಿ ಕಳಿಸುತ್ತದೆ. ಆ ಆರ್‌ಎನ್‌ಎ ಎಷ್ಟಿದೆ ಎಂದು ಅಳೆದರೆ ದೀಪದ ಬೆಳಕು ಅಳೆದಂತೆ.

ಅಮೆರಿಕದ ಆರನ್ ಟರೋನ್ ಮತ್ತು ಸಂಗಡಿಗರು 2007ರಲ್ಲಿ ಲ್ಯೂಸಿಲಿಯ ಸೆರಿಕೇಟ ನೊಣದ ಮೊಟ್ಟೆಗಳಲ್ಲಿ ಮೂರು ಜೀನ್‌ಗಳನ್ನು ಈ ರೀತಿ ಅಳೆದರು. ಅವುಗಳಲ್ಲಿ ಬೈಕಾಯ್ಡ್ ಎಂಬ ಜೀನಿನ ಸಂದೇಶವನ್ನು ತಾಯಿ ನೊಣವೇ ಮೊಟ್ಟೆಯಲ್ಲಿ ತುಂಬಿ ಕಳಿಸಿರುತ್ತದೆ. ಭ್ರೂಣ ಬೆಳೆದಂತೆ ಅದು ಬೇಗ ಕರಗಿಹೋಗುತ್ತದೆ. ಕೈಟಿನ್ ತಯಾರಿಸುವ ಕಿಣ್ವದ ಜೀನ್ ಇನ್ನೊಂದು. ಕೈಟಿನ್ ಮರಿಯ ಹೊರಪೊರೆಗೆ ಬೇಕಾದ ವಸ್ತು. ಒಂದು ಇಳಿಯುತ್ತ, ಒಂದು ಏರುತ್ತ ಹೋಗುವ ಇಂಥ ಅಳತೆಗಳನ್ನು ಜೊತೆಗಿಟ್ಟು ನೋಡಿದಾಗ ಮೊಟ್ಟೆಯ ವಯಸ್ಸನ್ನು ಸುಮಾರು ಎರಡು ಗಂಟೆಗಳ ವ್ಯತ್ಯಾಸದೊಳಗೆ ಹೇಳಲು ಸಾಧ್ಯವಾಯಿತು. 2011ರಲ್ಲಿ ಟರೋನ್ ಮತ್ತು ಡೇವಿಡ್ ಫೋರನ್ ಇದೇ ವಿಧಾನವನ್ನು ಮರಿ ಮತ್ತು ಪ್ಯೂಪಗಳಿಗೂ ವಿಸ್ತರಿಸಿದರು. ಉದ್ದ, ತೂಕಗಳ ಜೊತೆಗೆ ಜೀನ್‌ಗಳ ಅಳತೆಯನ್ನೂ ಸೇರಿಸಿದಾಗ ವಯಸ್ಸಿನ ಅಂದಾಜು ಬಿಗಿಯಾಯಿತು.

ಆರ್‌ಎನ್‌ಎಯ ತೊಂದರೆಯೆಂದರೆ ಅದರ ನಾಜೂಕುತನ. ಡಿಎನ್‌ಎ ವರ್ಷಗಟ್ಟಲೆ ಉಳಿಯಬಲ್ಲದು. ಆರ್‌ಎನ್‌ಎ ಬೇಗ ಛಿದ್ರವಾಗುತ್ತದೆ. ಮಾದರಿಯನ್ನು ತಕ್ಷಣ ಶೀತಲೀಕರಿಸಬೇಕು, ಇಲ್ಲವೆ ಅದಕ್ಕೆಂದೇ ಇರುವ ಸಂರಕ್ಷಕ ದ್ರವದಲ್ಲಿ ಮುಳುಗಿಸಬೇಕು.

ಮೂರನೆಯ ಪ್ರಶ್ನೆ: ತಿಂದದ್ದು ಯಾರನ್ನು?

ಹುಳುವಿನ ಹೊಟ್ಟೆಯಲ್ಲಿ ಅದು ತಿಂದ ಆಹಾರ ಇರುತ್ತದೆ, ಆ ಆಹಾರದಲ್ಲಿ ಸತ್ತವರ ಡಿಎನ್‌ಎ ಇರುತ್ತದೆ. 1998ರಲ್ಲಿ ಮನುಷ್ಯನ ಮೈಮೇಲಿನ ಒಂದು ಬಗೆಯ ಹೇನಿನ ರಕ್ತದೂಟದಿಂದ ಮಾನವ ಡಿಎನ್‌ಎ ತೆಗೆದು ಓದಲಾಯಿತು. 2001ರಲ್ಲಿ ಜೆಫ್ರಿ ವೆಲ್ಸ್ ಮತ್ತು ಸಂಗಡಿಗರು ಒಂದೇ ಹುಳುವಿನಿಂದ ಎರಡು ಉತ್ತರ ಪಡೆದರು: ಅದರ ಮಾಂಸದಿಂದ ಹುಳುವಿನ ಪ್ರಭೇದ, ಅದರ ಕರುಳಿನಿಂದ ಅದು ತಿಂದ ವ್ಯಕ್ತಿಯ ಗುರುತು.

ಇದರಿಂದ ಏನು ಪ್ರಯೋಜನ ಎಂದು ನೀವು ಕೇಳಬಹುದು. ಶವವೇ ಎದುರಿಗಿರುವಾಗ ಹುಳುವಿನ ಹೊಟ್ಟೆ ಏಕೆ? ಎರಡು ಸಂದರ್ಭಗಳನ್ನು ಯೋಚಿಸಿ. ಖಾಲಿ ಮನೆಯ ನೆಲದಲ್ಲಿ ಹುಳುಗಳು ಮಾತ್ರ ಸಿಕ್ಕಿವೆ, ಶವವನ್ನು ಸಾಗಿಸಿಬಿಟ್ಟಿದ್ದಾರೆ. ಅಥವಾ ಶವದ ಪಕ್ಕದಲ್ಲೇ ಕೋಳಿಮಾಂಸದ ಕಸದ ರಾಶಿಯಿದೆ, ಅಲ್ಲಿಂದ ಹುಳುಗಳು ಹರಿದು ಬಂದಿರಬಹುದು. ಹಾಗೆ ಬಂದ ಹುಳುವಿನ ವಯಸ್ಸಿನಿಂದ ಸಾವಿನ ಕಾಲ ಅಳೆದರೆ ಲೆಕ್ಕ ತಪ್ಪುತ್ತದೆ. ಹೊಟ್ಟೆಯಲ್ಲಿ ಮಾನವ ಡಿಎನ್‌ಎ ಇದೆಯೇ ಎಂದು ನೋಡಿದರೆ ಈ ಗೊಂದಲ ತೀರುತ್ತದೆ.

ಶವದಿಂದಲೇ ಡಿಎನ್‌ಎ ಸಿಗದ ಸಂದರ್ಭವೂ ಉಂಟು. ಮೆಕ್ಸಿಕೋದ ಒಂದು ಪ್ರಕರಣದ ವಿವರ 2013ರಲ್ಲಿ ಪ್ರಕಟವಾಯಿತು. ಗುರುತು ಸಿಗದಷ್ಟು ಸುಟ್ಟುಹೋದ ಶವವೊಂದು ಪೊಲೀಸರಿಗೆ ದೊರಕಿತು. ಅಂಗಾಂಶ ಎಷ್ಟು ಹಾಳಾಗಿತ್ತೆಂದರೆ ಅದರಿಂದ ಡಿಎನ್‌ಎ ಪರೀಕ್ಷೆ ಸಾಧ್ಯವಾಗಲಿಲ್ಲ. ಆದರೆ ಶವದ ಮೇಲೆ ಹುಳುಗಳಿದ್ದವು. ಅವುಗಳ ಕರುಳಿನಿಂದ ತೆಗೆದ ಮಾನವ ಡಿಎನ್‌ಎಯನ್ನು, ಮಗಳು ಕಾಣೆಯಾಗಿದ್ದ ತಂದೆಯೊಬ್ಬನ ಡಿಎನ್‌ಎಯೊಡನೆ ಹೋಲಿಸಿದಾಗ ತಂದೆ-ಮಗಳ ಸಂಬಂಧದ ಸಂಭಾವ್ಯತೆ ಶೇಕಡಾ 99.6ಕ್ಕೂ ಹೆಚ್ಚು ಬಂತು. ಮಗಳು ಎಲ್ಲಿ ಹೋದಳೆಂದು ತಿಳಿಯದೆ ಕಾಯುತ್ತಿದ್ದ ಮನೆಗೆ ಉತ್ತರ ಬಂದದ್ದು, ನಾವು ಅಸಹ್ಯದಿಂದ ಮುಖ ತಿರುಗಿಸುವ ಹುಳುಗಳಿಂದ.

ಸೊಳ್ಳೆಯೂ ಸಾಕ್ಷಿಯಾಗಬಲ್ಲದು. 2008ರಲ್ಲಿ ಫಿನ್ಲೆಂಡಿನ ಪೊಲೀಸರು ಕಳುವಾಗಿ ಸಿಕ್ಕ ಕಾರಿನಲ್ಲಿ ರಕ್ತ ಹೀರಿದ ಸೊಳ್ಳೆಯೊಂದನ್ನು ಕಂಡು ಪ್ರಯೋಗಾಲಯಕ್ಕೆ ಕಳಿಸಿದರು. ರಕ್ತದ ಡಿಎನ್‌ಎ ಪೊಲೀಸ್ ದಾಖಲೆಯಲ್ಲಿದ್ದ ಒಬ್ಬನಿಗೆ ಹೊಂದಿಕೊಂಡಿತು. ತಾನು ಕಾರು ಕದ್ದಿಲ್ಲ, ದಾರಿಯಲ್ಲಿ ಕೈಯಡ್ಡ ಹಿಡಿದು ಹತ್ತಿದ್ದೆ ಅಷ್ಟೇ ಎಂದು ಅವನು ಹೇಳಿದ. ಡಿಎನ್‌ಎ ಅವನು ಸೊಳ್ಳೆಯ ಹತ್ತಿರ ಇದ್ದ ಎನ್ನುತ್ತದೆ, ಕದ್ದ ಎನ್ನುವುದಿಲ್ಲ ಎಂಬುದಕ್ಕೆ ಇದೊಂದು ಒಳ್ಳೆಯ ಪಾಠ. 2017ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು, ಕಚ್ಚಿ ಎರಡು ದಿನಗಳಾದ ಮೇಲೂ ಸೊಳ್ಳೆಯ ಹೊಟ್ಟೆಯ ರಕ್ತದಿಂದ ವ್ಯಕ್ತಿಯನ್ನು ಗುರುತಿಸಬಹುದೆಂದು ತೋರಿಸಿದರು. ಅದಕ್ಕಿಂತ ತಡವಾದರೆ ರಕ್ತ ಜೀರ್ಣವಾಗಿಬಿಡುತ್ತದೆ.

ನಾಲ್ಕನೆಯ ಪ್ರಶ್ನೆ: ಬಂದದ್ದು ಎಲ್ಲಿಂದ?

ಕೊಲೆ ಮಾಡಿದ ಜಾಗ ಒಂದು, ಶವ ಎಸೆದ ಜಾಗ ಇನ್ನೊಂದು ಆಗಿರುವುದು ಸಾಮಾನ್ಯ. ಇದನ್ನು ಪತ್ತೆಹಚ್ಚಲು ನೊಣಗಳ ರಕ್ತಸಂಬಂಧವನ್ನು ಬಳಸುವ ಯತ್ನ ನಡೆದಿದೆ. ಒಂದು ತಾಯಿ ನೊಣ ಒಂದು ಸಲಕ್ಕೆ ನೂರಾರು ಮೊಟ್ಟೆಯಿಡುತ್ತದೆ. ಶವವನ್ನು ಸಾಗಿಸುವಾಗ ಕೆಲವು ಮರಿಗಳು ಹಳೆಯ ಜಾಗದಲ್ಲಿ ಉಳಿದು, ಕೆಲವು ಶವದೊಡನೆ ಹೋದರೆ, ಎರಡು ಕಡೆಯ ಮರಿಗಳು ಅಣ್ಣತಮ್ಮ, ಅಕ್ಕತಂಗಿಯರಾಗಿರುತ್ತವೆ. ಕ್ರಿಸ್ಟಿನ್ ಪಿಕಾರ್ಡ್ ಮತ್ತು ವೆಲ್ಸ್ 2012ರಲ್ಲಿ, ಡಿಎನ್‌ಎ ಮೂಲಕ ಇಂಥ ಒಡಹುಟ್ಟುಗಳನ್ನು ಗುರುತಿಸುವ ಪರೀಕ್ಷೆಯನ್ನು ಪ್ರಕಟಿಸಿದರು.

ಇನ್ನೊಂದು ಸೂಕ್ಷ್ಮವೂ ಗೊತ್ತಾಗಿದೆ. ಒಂದೇ ಪ್ರಭೇದದ ನೊಣಗಳಾದರೂ ಬೇರೆ ಬೇರೆ ಪ್ರದೇಶದವು ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಕ್ಯಾಲಿಫೋರ್ನಿಯಾ, ಮಿಷಿಗನ್ ಮತ್ತು ವೆಸ್ಟ್ ವರ್ಜೀನಿಯಾದಿಂದ ತಂದ ಲ್ಯೂಸಿಲಿಯ ಸೆರಿಕೇಟ ನೊಣಗಳನ್ನು ಒಂದೇ ಉಷ್ಣತೆಯಲ್ಲಿ, ಒಂದೇ ಆಹಾರ ಕೊಟ್ಟು ಸಾಕಿದಾಗಲೂ ಬೆಳವಣಿಗೆಯ ಕಾಲ ಮತ್ತು ಗಾತ್ರಗಳಲ್ಲಿ ವ್ಯತ್ಯಾಸ ಕಂಡುಬಂತು. ಹವೆ, ಆಹಾರ ಒಂದೇ ಆಗಿರುವಾಗ ಉಳಿದ ವ್ಯತ್ಯಾಸ ವಂಶವಾಹಿಗಳದ್ದು ಎಂದಾಯಿತು.

ಇಂಥ ವ್ಯತ್ಯಾಸಗಳ ಮೂಲ ತಿಳಿಯಲು ನೊಣದ ಇಡೀ ಜೀನೋಮ್ ಬೇಕು. ಹಣ್ಣುನೊಣ ಡ್ರೊಸೊಫಿಲದ ಜೀನೋಮ್ 2000ದಲ್ಲೇ ಸಿದ್ಧವಾಗಿತ್ತು. ನಮ್ಮಲ್ಲೂ ಇರುವ ಲ್ಯೂಸಿಲಿಯ ಕ್ಯೂಪ್ರಿನದ ಜೀನೋಮ್ 2015ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು 45.8 ಕೋಟಿ ಅಕ್ಷರಗಳು, ಪ್ರೋಟೀನ್ ತಯಾರಿಸುವ 14,544 ಜೀನ್‌ಗಳು. ಕುರಿಗಳ ಮೈಯಲ್ಲಿ ಹುಳುವಾಗಿ ಕಾಡುವ ಈ ನೊಣವನ್ನು ಹತೋಟಿಗೆ ತರುವುದು ಆ ಕೆಲಸದ ಮುಖ್ಯ ಉದ್ದೇಶವಾಗಿತ್ತು. ವಿಧಿವಿಜ್ಞಾನಕ್ಕೂ ಅದರಿಂದ ಲಾಭವಾಯಿತು. ಮರುವರ್ಷ ಫಾರ್ಮಿಯ ರೆಜಿನ ಎಂಬ ಇನ್ನೊಂದು ನೊಣದ ಜೀನೋಮ್ ಬಂತು.

ನಮ್ಮ ಕ್ರೈಸೋಮಿಯ ರುಫಿಫೇಸಿಸ್ ಒಂದು ವಿಚಿತ್ರ ನೊಣ. ಅದರ ಒಂದು ಹೆಣ್ಣು ಹೆರುವುದೆಲ್ಲ ಹೆಣ್ಣೇ, ಇಲ್ಲವೆ ಎಲ್ಲ ಗಂಡೇ. ಮರಿಯ ಲಿಂಗವನ್ನು ನಿರ್ಧರಿಸುವುದು ತಾಯಿಯ ವಂಶವಾಹಿ. ಸಾಲದೆಂಬಂತೆ ಇದರ ಮುಳ್ಳುಮುಳ್ಳಾದ ಮರಿಗಳು ಶವವನ್ನು ಮಾತ್ರವಲ್ಲದೆ ಇತರ ನೊಣಗಳ ಮರಿಗಳನ್ನೂ ತಿನ್ನುತ್ತವೆ. ಮೊದಲು ಬಂದ ಸಾಕ್ಷಿಯನ್ನು ಆಮೇಲೆ ಬಂದ ಸಾಕ್ಷಿ ತಿಂದುಹಾಕಿದ ಹಾಗೆ! ತಜ್ಞರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ನ್ಯಾಯಾಲಯದ ಕಟಕಟೆಯಲ್ಲಿ

ಕೀಟಸಾಕ್ಷ್ಯವನ್ನು ಕೇಳದೆ ಹೋದರೆ ಏನಾಗಬಹುದು ಎಂಬುದಕ್ಕೆ ಅಮೆರಿಕದ ಲಾಸ್ ವೇಗಸ್‌ನ ಪ್ರಕರಣವೊಂದಿದೆ. 2001ರ ಜುಲೈ 8ರ ರಾತ್ರಿ ಅಲ್ಲಿ ಕೊಲೆಯಾದ ವ್ಯಕ್ತಿಯ ಶವ ಸಿಕ್ಕಿತು. 18 ವರ್ಷದ ಯುವತಿಯೊಬ್ಬಳನ್ನು ಬಂಧಿಸಿ ಶಿಕ್ಷಿಸಲಾಯಿತು. ಆ ದಿನ ಹಗಲೆಲ್ಲ ತಾನು ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರದ ಊರಿನಲ್ಲಿದ್ದೆ ಎಂದು ಆಕೆ ಹೇಳುತ್ತಲೇ ಬಂದಳು. ಶವದ ಮೇಲೆ ನೊಣದ ಒಂದು ಮೊಟ್ಟೆಯೂ ಇರಲಿಲ್ಲ ಎಂಬುದು ಯಾರ ಗಮನಕ್ಕೂ ಬಂದಿರಲಿಲ್ಲ. ಬೇಸಿಗೆಯ ಹಗಲಿನಲ್ಲಿ, ಬಯಲಿನಲ್ಲಿ, ಗಾಯಗಳಿರುವ ಶವ ಬಿದ್ದಿದ್ದರೆ ನೊಣ ಮೊಟ್ಟೆಯಿಡದೆ ಬಿಡುವುದಿಲ್ಲ. ಆದ್ದರಿಂದ ಸಾವು ಸಂಭವಿಸಿದ್ದು ಶವ ಸಿಗುವ ಸ್ವಲ್ಪ ಮೊದಲು, ಹೊತ್ತು ಮುಳುಗುವ ಸುಮಾರಿಗೆ ಎಂದು ಕೀಟತಜ್ಞರು 2017ರಲ್ಲಿ ಸಾಕ್ಷ್ಯ ನುಡಿದರು. ಆ ಹೊತ್ತಿನಲ್ಲಿ ಯುವತಿ ಊರಿನಲ್ಲಿರಲಿಲ್ಲ. ಅದೇ ವರ್ಷದ ಕೊನೆಗೆ ಆಕೆಯ ಮೇಲಿನ ಆರೋಪ ರದ್ದಾಯಿತು. ಇಲ್ಲಿ ಸಾಕ್ಷ್ಯವಾದದ್ದು ಇಲ್ಲದ ನೊಣ.

ಇಂಥ ಸಾಕ್ಷ್ಯಕ್ಕೆ ನಮ್ಮ ಕಾನೂನಿನಲ್ಲೂ ಅವಕಾಶವಿದೆ. 1872ರ ಸಾಕ್ಷ್ಯ ಅಧಿನಿಯಮದ 45ನೆಯ ಪ್ರಕರಣದಲ್ಲಿದ್ದ ತಜ್ಞಾಭಿಪ್ರಾಯದ ನಿಯಮ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 39ನೆಯ ಪ್ರಕರಣವಾಗಿದೆ. ಅದೇ ದಿನ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಕಾಲಾವಕಾಶವಿದೆ.

ಆದರೆ ಸ್ಥಳದಲ್ಲಿ ಹುಳುಗಳನ್ನು ಸರಿಯಾಗಿ ತೆಗೆಯದಿದ್ದರೆ ಮುಂದಿನ ಯಂತ್ರಗಳೆಲ್ಲ ನಿರುಪಯೋಗಿ. ಶವವನ್ನು ತೊಳೆದು ಹುಳುಗಳನ್ನು ಚರಂಡಿಗೆ ಬಿಟ್ಟರೆ ಸಾಕ್ಷಿಯನ್ನೇ ಓಡಿಸಿದಂತೆ. ಸರಿಯಾದ ಕ್ರಮವೆಂದರೆ, ಇರುವುದರಲ್ಲಿ ದೊಡ್ಡ ಮರಿಗಳನ್ನು ಬಿಡದೆ, ಎಲ್ಲ ಗಾತ್ರದವನ್ನೂ ಆರಿಸಿ ಎರಡು ಪಾಲು ಮಾಡಬೇಕು. ಒಂದು ಪಾಲನ್ನು ಕುದಿಯುವುದಕ್ಕಿಂತ ಸ್ವಲ್ಪ ಕಡಿಮೆ ಬಿಸಿಯ ನೀರಿನಲ್ಲಿ ಅರೆ ನಿಮಿಷ ಅದ್ದಿ ಕೊಂದು, ಶೇಕಡಾ 80ರ ಆಲ್ಕೊಹಾಲಿನಲ್ಲಿಡಬೇಕು. ಬಿಸಿನೀರು ಹುಳುವನ್ನು ಕುಗ್ಗದಂತೆ ತಡೆಯುತ್ತದೆ. ಇನ್ನೊಂದು ಪಾಲನ್ನು ಜೀವಂತವಾಗಿ ಸಾಕಲು ಒಯ್ಯಬೇಕು. ಡಿಎನ್‌ಎಗೆಂದು ತೆಗೆದವನ್ನು ಇನ್ನೂ ಪ್ರಬಲವಾದ ಆಲ್ಕೊಹಾಲಿನಲ್ಲಿ ಇಡುವುದು ಒಳ್ಳೆಯದು. ಶವಾಗಾರದಲ್ಲಿ ಸುಲಭವಾಗಿ ಕೈಗೆ ಸಿಗುವ ಫಾರ್ಮಲಿನ್ ಮಾತ್ರ ಬೇಡ, ಅದು ಡಿಎನ್‌ಎಯನ್ನು ಹಾಳುಮಾಡುತ್ತದೆ. ಸುತ್ತಲಿನ ಮಣ್ಣಿನಲ್ಲಿ ಪ್ಯೂಪಗಳನ್ನು ಹುಡುಕಬೇಕು. ಸ್ಥಳದ ಉಷ್ಣತೆಯನ್ನು ಬರೆದುಕೊಳ್ಳಬೇಕು. ಇದಕ್ಕೆ ಬೇಕಾಗುವುದು ಇಕ್ಕುಳ, ಸೀಸೆ, ಬಿಸಿನೀರು, ಉಷ್ಣತಾಮಾಪಕ ಮತ್ತು ತರಬೇತಿ.

ನಮ್ಮ ನೆಲಕ್ಕೆ ನಮ್ಮದೇ ಅಂಕಿಗಳು

ಕ್ಯಾಲಿಫೋರ್ನಿಯಾದ ನೊಣಕ್ಕೂ ಮಿಷಿಗನ್ನಿನ ನೊಣಕ್ಕೂ ವ್ಯತ್ಯಾಸವಿದೆಯೆಂದರೆ, ಅಲ್ಲಿನ ಅಂಕಿಅಂಶಗಳನ್ನು ಇಟ್ಟುಕೊಂಡು ಇಲ್ಲಿ ಸಾವಿನ ಕಾಲ ಹೇಳುವುದು ಅಪಾಯ. ಕರ್ನಾಟಕ ಒಂದರಲ್ಲೇ ಬಳ್ಳಾರಿಯ ಬೇಸಿಗೆಯ ಬಿಸಿಲು, ಆಗುಂಬೆಯ ಮಳೆಗಾಲ, ಮಡಿಕೇರಿಯ ಚಳಿ, ಮಂಗಳೂರಿನ ಸೆಕೆ ಎಲ್ಲ ಇವೆ. ಈ ಒಂದೊಂದು ಕಡೆಯ ನೊಣಗಳನ್ನೂ ಹಿಡಿದು, ಹೆಸರಿಸಿ, ಬಾರ್‌ಕೋಡ್ ಓದಿ, ಬೇರೆ ಬೇರೆ ಉಷ್ಣತೆಗಳಲ್ಲಿ ಸಾಕಿ, ಬೆಳವಣಿಗೆಯ ಪಟ್ಟಿ ತಯಾರಿಸಬೇಕು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಬೆಳೆಗಳಿಗೆ ಸಂಬಂಧಿಸಿದ ಕೀಟಗಳ ಬಾರ್‌ಕೋಡ್ ಓದುವ ಕೆಲಸ ಮಾಡುತ್ತಿದೆ. ಶವಕ್ಕೆ ಬರುವ ನೊಣಗಳಿಗೂ ಅದೇ ತಂತ್ರ ಸಾಕು. ನೊಣ ಸಾಕುವುದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಉಷ್ಣತೆ ಹತೋಟಿಯಲ್ಲಿಡುವ ಒಂದು ಪೆಟ್ಟಿಗೆ, ಮಾಂಸದ ಚೂರು, ಹಗಲಿರುಳು ಕಾದು ಅಳೆಯುವ ತಾಳ್ಮೆ ಇದ್ದರೆ ಜಿಲ್ಲೆಯ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗವೂ ಇದನ್ನು ಮಾಡಬಹುದು.

ಮುಂದಿನ ಬಾರಿ ಹಿತ್ತಲಿನಲ್ಲಿ ಆ ಹಸಿರು ನೊಣ ಕಂಡರೆ ಓಡಿಸುವ ಮುನ್ನ ಒಂದು ಗಳಿಗೆ ನೋಡಿ. ಅದು ಯಾವ ಪ್ರಭೇದದ್ದು, ಅದರ ಮರಿ ನಿಮ್ಮ ಊರಿನ ಹವೆಯಲ್ಲಿ ಎಷ್ಟು ಗಂಟೆಗೆ ಎಷ್ಟು ಬೆಳೆಯುತ್ತದೆ ಎಂಬುದನ್ನು ಯಾರಾದರೂ ಅಳೆದು ಬರೆದಿಟ್ಟಿದ್ದರೆ, ಯಾವುದೋ ಒಂದು ದಿನ ನಿರಪರಾಧಿಯೊಬ್ಬನ ಪರವಾಗಿ ಆ ಪುಟ ಮಾತನಾಡೀತು.